ಬಾಗಿದ ಹ್ಯಾಂಡಲ್ಲೇ ಬೇಕು

ಹೋದ ಬೇಸಿಗೆಯಿಡೀ ನಮ್ಮ ಪಡಸಾಲೆಯಲ್ಲಿ ಹ್ಯಾಂಡಲ್ ಇಲ್ಲದ ಒಂದು ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಬಂದವರು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು, ಆಮೇಲೆ ಚಹಾದ ಕಪ್ಪು ಕೆಳಗಿಟ್ಟು, “ಅಕ್ಕೋರ, ಇದಕ್ಕ ಸೀದಾ ಹ್ಯಾಂಡಲ್ ಹಾಕಿಸಿಬಿಡ್ರಿ, ಆರಾಮ ಇರ್ತೈತಿ” ಎನ್ನುತ್ತಿದ್ದರು. ನಾನು ಚಹಾ ಕೊಟ್ಟಿದ್ದೆ, ಸಲಹೆ ಕೇಳಿರಲಿಲ್ಲ. ಆದರೂ ಹಾಲು ಹಾಕಲು ಬರುವವನಿಂದ ಹಿಡಿದು ಎಲುಬಿನ ಡಾಕ್ಟರರವರೆಗೆ ಚಿಕ್ಕೋಡಿಯ ಜನರೆಲ್ಲ ನನ್ನ ಆರಾಮದ ಚಿಂತೆಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ನನ್ನ ಜೀವಮಾನದಲ್ಲಿ ಬೇರೆ ಯಾವ ವಿಷಯಕ್ಕೂ ಇಷ್ಟು ಜನ ನನ್ನ ಆರಾಮ ವಿಚಾರಿಸಿದ್ದು ನೆನಪಿಲ್ಲ. ಮೂಲವ್ಯಾಧಿಯಾದಾಗ ಕೂಡ ಇಲ್ಲ.

ಬಾಗಿದ ಹ್ಯಾಂಡಲ್ ಅಂದರೆ ನಿಮಗೆ ಗೊತ್ತಿರಬೇಕು. ರೇಸಿನ ಸೈಕಲ್ಲಿಗೆ ಇರುವಂಥದು. ಟಗರಿನ ಕೋಡಿನ ಹಾಗೆ ಎರಡೂ ಕಡೆ ಮುಂದಕ್ಕೆ ಚಾಚಿ, ಕೆಳಗಿಳಿದು, ಸವಾರಿ ಮಾಡುವವರ ಕಡೆಗೇ ಹೊರಳಿಕೊಂಡಿರುತ್ತದೆ. ಅದನ್ನು ಕಂಡವರಿಗೆಲ್ಲ ಅದು ಬೆನ್ನು ಮುರಿಯುವ ಯಂತ್ರ. ಅಲ್ಲವೆಂದು ನಾನು ಎಷ್ಟು ಮಂದಿಗೆ ಹೇಳಲಿ? ಸೀದಾ ಹ್ಯಾಂಡಲ್ಲಿನಲ್ಲಿ ಕೈಗೆ ಇರುವುದು ಒಂದೇ ಜಾಗ. ತಾಸುಗಟ್ಟಲೆ ಅದೇ ಮುಷ್ಟಿ, ಅದೇ ಮಣಿಕಟ್ಟು, ಕೊನೆಗೆ ಬೆರಳಿಗೆಲ್ಲ ಜೋಮು. ಬಾಗಿದ್ದರಲ್ಲಿ ಮೇಲೆ ಹಿಡಿಯಬಹುದು, ಪಕ್ಕದ ತಿರುವಿನಲ್ಲಿ ಹಿಡಿಯಬಹುದು, ಬ್ರೇಕಿನ ಬುಡದಲ್ಲಿ ಅಂಗೈ ಊರಬಹುದು, ಎದುರುಗಾಳಿ ಬಂದರೆ ಕೆಳಗಿನ ಕೊಕ್ಕೆಗೆ ಇಳಿಯಬಹುದು. ದಾರಿ ಉದ್ದವಿದ್ದಷ್ಟೂ ಅದರ ಬೆಲೆ ಗೊತ್ತಾಗುತ್ತದೆ. ಇದನ್ನು ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿದ ಧ್ವನಿಯಲ್ಲೇ ಬಿಡಿಸಿ ಹೇಳಿದಾಗ ಹಾಲಿನವನು ಪೂರ್ತಿ ಕೇಳಿಸಿಕೊಂಡು, “ಖರೇ ಐತ್ರಿ. ಆದ್ರ ನಿಮಗ ಸೀದಾನ ಛಲೋ” ಎಂದ.

ಆ ಸೈಕಲ್ಲು ನಮ್ಮಣ್ಣ ಅಪ್ಪಾಸಾಹೇಬನದು. ನಮ್ಮ ತವರು ಶಿರಗುಪ್ಪಿ. ಅಲ್ಲಿ ಈಗಿನಂತೆ ಆಗಲೂ ಎತ್ತ ನೋಡಿದರೂ ಕಬ್ಬೇ. ಅಣ್ಣ ಕಾಲೇಜಿಗೆ ಹೋಗುವ ದಿನಗಳಲ್ಲಿ ಮಿರಜಿನ ಯಾರೋ ರೇಸಿನವರಿಂದ ಈ ಉಕ್ಕಿನ ಸೈಕಲ್ಲು ತಂದು, ಸುತ್ತಲ ಊರುಗಳ ಸೈಕಲ್ ಶರ್ಯತ್ತುಗಳಲ್ಲಿ ಹೆಸರು ಮಾಡಿದ್ದ. ಅವನು ಹೊಲದ ಕಡೆ ಹೋದಾಗ ನಾನು ಅದನ್ನು ಕದ್ದು ಹೊಡೆಯುತ್ತಿದ್ದೆ. ಕದ್ದು ಅಂದರೆ, ಅವ್ವನಿಗೆ ಗೊತ್ತಿತ್ತು. ಸೀಟು ಎತ್ತರವಾಗುತ್ತಿತ್ತು, ಕಾಲ್ಬೆರಳ ತುದಿಯಷ್ಟೇ ಪೆಡಲಿಗೆ ಸಿಗುತ್ತಿತ್ತು. ಆದರೆ ಆ ಹ್ಯಾಂಡಲ್ಲಿನ ಕೆಳಗಿನ ಬಾಗನ್ನು ಹಿಡಿದು ಮೈ ತಗ್ಗಿಸಿದರೆ ಇಕ್ಕೆಲದ ಕಬ್ಬು ಹಸಿರು ಗೋಡೆಯಾಗಿ ಹಿಂದಕ್ಕೆ ಓಡುತ್ತಿತ್ತು. ಆಮೇಲೆ ಅಣ್ಣನ ಮದುವೆಯಾಯಿತು, ಹೊಟ್ಟೆ ಬಂತು. ಹ್ಯಾಂಡಲ್ಲು ಒಂದು ಕಬ್ಬಿನ ಗಾಡಿಗೆ ಗುದ್ದಿ ಸೊಟ್ಟಗಾಗಿ ಮೋಡಕಾದವನ, ಅಂದರೆ ಗುಜರಿಯವನ, ಪಾಲಾಯಿತು. ಉಳಿದ ಸೈಕಲ್ಲು ಪಂಪಿನ ಮನೆಯಲ್ಲಿ ಜೋತುಬಿದ್ದಿತ್ತು. ಹೋದ ವರ್ಷ ಆ ಪಂಪಿನ ಮನೆ ಕೆಡವುವಾಗ ನಾನೇ ಹೋಗಿ ತಂದೆ.

ಇಷ್ಟಕ್ಕೇ ಆಗಿದ್ದರೆ ನನಗೆ ಹ್ಯಾಂಡಲ್ಲಿನ ಮೇಲೆ ಈ ಪರಿ ಹಟ ಇರುತ್ತಿರಲಿಲ್ಲ. ಹಟಕ್ಕೆ ಕಾರಣವಿದೆ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಥಣಿಯಲ್ಲಿ ಸುತ್ತಲಿನ ಶಾಲೆಗಳ ಆಟದ ಪಂದ್ಯಗಳು ನಡೆದವು. ಆ ಸಲ ಹುಡುಗಿಯರಿಗೂ ಸೈಕಲ್ ಶರ್ಯತ್ತು ಇಟ್ಟರು, ಅಥಣಿಯಿಂದ ಕಾಗವಾಡದ ದಾರಿಯಲ್ಲಿ. ಅಣ್ಣ ದೊಡ್ಡ ಮನಸ್ಸು ಮಾಡಿ ತನ್ನ ಸೈಕಲ್ಲು ಕೊಡುತ್ತೇನೆಂದ. ನಾನು ವಾರವಿಡೀ ನೆಲದ ಮೇಲೆ ಕಾಲಿಡಲಿಲ್ಲ. ಶರ್ಯತ್ತಿನ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ನೋಡುತ್ತೇನೆ, ಬಾಗಿದ ಹ್ಯಾಂಡಲ್ಲು ಬಿಚ್ಚಿ ಕಟ್ಟೆಯ ಮೇಲೆ ಇಟ್ಟಿದೆ. ಅದರ ಜಾಗದಲ್ಲಿ ಮೇವು ಹೇರುವ ಹಳೇ ಸೈಕಲ್ಲಿನ ಸೀದಾ ಹ್ಯಾಂಡಲ್ಲು ಕೂತಿದೆ. ಅಣ್ಣ ಪಾನಾ ಹಿಡಿದು ನಟ್ಟು ಬಿಗಿಯುತ್ತಿದ್ದ.

“ಇದ್ಯಾಕ ಅಣ್ಣಾ?” ಎಂದೆ.

“ರಸ್ತೇದಾಗ ಮಂದಿ ಮುಂದ ಹೆಣ್ಮಗಳು ಹಂಗ ಬಗ್ಗಿ ಹೊಂಟ್ರ ಛಂದ ಕಾಣ್ತೈತೇನ? ನೆಟ್ಟಗ ಕುಂತು ಹೊಡಿ. ಆರಾಮ ಇರ್ತೈತಿ.”

ನೋಡಿ, ಆ ‘ಆರಾಮ’ ಎಂಬ ಮಾತು ಆವತ್ತೇ ಹುಟ್ಟಿದ್ದು. ಶ್ರಾವಣದ ಗಾಳಿ ಕಾಗವಾಡದ ಕಡೆಯಿಂದ ನೇರ ಮುಖಕ್ಕೆ ಬೀಸುತ್ತಿತ್ತು. ನಾನು ಛಂದವಾಗಿ, ನೆಟ್ಟಗೆ, ಮಂದಿ ಮೆಚ್ಚುವಂತೆ ಕುಳಿತು ಆ ಗಾಳಿಗೆ ಎದೆಯೊಡ್ಡಿ ತುಳಿದೆ. ಲಂಗವೆಲ್ಲ ಗಾಳಿ ತುಂಬಿ ಉಬ್ಬಿತ್ತು, ಸೈಕಲ್ಲು ಹಿಂದಕ್ಕೇ ಹೋಗುತ್ತಿದೆಯೇನೋ ಅನ್ನಿಸುತ್ತಿತ್ತು. ಆದರೂ ಮುಂದಿದ್ದೆ. ಕೊನೆಯ ಏರಿನಲ್ಲಿ ಪಕ್ಕದಿಂದ ಒಂದು ಹುಡುಗಿ ಸರ್ರನೆ ಬಂದಳು. ಎರಡು ಜಡೆ, ಗದ್ದ ಹ್ಯಾಂಡಲ್ಲಿಗೆ ತಾಗುವಷ್ಟು ಬಗ್ಗಿದ್ದಳು. ಅವಳ ಸೈಕಲ್ಲಿಗೆ ಬಾಗಿದ ಹ್ಯಾಂಡಲ್ಲಿತ್ತು. ನನ್ನ ಕಡೆ ನೋಡಲೂ ಇಲ್ಲ, ಹೊರಟೇಹೋದಳು. ಸತ್ತಿ ಊರಿನವಳಂತೆ, ಪದ್ಮಾವತಿ ಅಂತ ಹೆಸರಂತೆ. ಅವಳಿಗೆ ಮೊದಲನೆಯ ಬಹುಮಾನ. ನನಗೆ ಎರಡನೆಯದು, ಒಂದು ಸಾಬೂನಿನ ಡಬ್ಬಿ. ಅಣ್ಣ ಆವತ್ತು ಸಂಜೆಯೇ ತನ್ನ ಬಾಗಿದ ಹ್ಯಾಂಡಲ್ಲು ಮರಳಿ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ಊರು ಸುತ್ತಲು ಹೋದ.

ಇಷ್ಟಾದ ಮೇಲೆ ನಾನು ಸೀದಾ ಹ್ಯಾಂಡಲ್ಲು ಹಾಕಿಸಬೇಕೇ? ನೀವೇ ಹೇಳಿ.

ಆದರೆ ಆರಿಸುವುದು ಸುಲಭದ ಕೆಲಸವಲ್ಲ. ಹ್ಯಾಂಡಲ್ಲಿನ ಅಗಲ ಸವಾರರ ಭುಜದ ಎಲುಬಿನಿಂದ ಎಲುಬಿಗೆ ಎಷ್ಟಿದೆಯೋ ಅಷ್ಟಿರಬೇಕು. ಕೆಳಗಿನ ಇಳಿತ ಬೆನ್ನು ಬಾಗುವಷ್ಟೇ ಇರಬೇಕು. ಅದನ್ನು ಪರೀಕ್ಷಿಸಲು ನಾನು ಅಡುಗೆಮನೆಯ ಕಟ್ಟೆಯ ಅಂಚು ಹಿಡಿದು, ಸೊಂಟದಿಂದ ಮುಂದಕ್ಕೆ ಬಾಗಿ, ಕತ್ತೆತ್ತಿ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ. ನಮ್ಮ ಮನೆಯವರು ನೀರು ಕುಡಿಯಲು ಬಂದವರು ಬಾಗಿಲಲ್ಲೇ ಗಾಬರಿಯಾಗಿ, “ಸೊಂಟ ಹಿಡಕೊಂತೇನ? ಅಲುಗಾಡಬ್ಯಾಡ, ಹಂಗ ಇರು” ಎಂದು ನೋವಿನ ಮುಲಾಮು ತರಲು ಓಡಿದರು. ಅದು ಪ್ರೀತಿಯೇ, ಒಪ್ಪುತ್ತೇನೆ. ಆದರೆ ಹೆಂಗಸೊಬ್ಬಳು ಬಗ್ಗಿ ನಿಂತಿದ್ದರೆ ಒಂದೋ ನೋವಿರಬೇಕು, ಇಲ್ಲವೇ ನೆಲ ಒರೆಸುತ್ತಿರಬೇಕು, ಬೇರೆ ಕಾರಣವೇ ಇರಲಾರದು ಅಂದುಕೊಂಡಿದ್ದಾರಲ್ಲ, ಅದಕ್ಕೆ ಏನು ಹೇಳುವುದು?

ಭುಜದ ಅಳತೆಗೆ ನಾನು ಹೋದದ್ದು ನನ್ನ ಕುಪ್ಪಸ ಹೊಲಿಯುವ ಟೇಲರನ ಹತ್ತಿರ.

“ನಿಮ್ಮ ಅಳತಿ ನಮ್ಮ ಕಡೆ ಐತಲ್ರಿ ಅಕ್ಕೋರ” ಎಂದ.

“ಅದಲ್ಲ. ಈ ಎಲುಬಿನಿಂದ ಆ ಎಲುಬಿನತನಕ ಬೇಕು. ಹ್ಯಾಂಡಲ್ಲಿಗೆ.”

ಅವನ ಟೇಪು ಗಾಳಿಯಲ್ಲೇ ನಿಂತಿತು. ಆದರೂ ಮರ್ಯಾದೆಯವನು, ಅಳೆದ. “ಜರಾ ಲೂಸ್ ಹಿಡೀತೇನ್ರಿ” ಎಂದು ತನ್ನ ರೂಢಿಯಂತೆ ಒಂದಿಷ್ಟು ಸೇರಿಸಿದ. ಅದನ್ನು ನಾನು ಕಳೆಸಿದೆ. ಆಮೇಲೆ ಅವನು, “ಮುಂದ ಎಷ್ಟ್ ಇಳಸೂದ್ರಿ?” ಎಂದು ಕೇಳಿದ. ನನ್ನ ತಲೆಯಲ್ಲಿ ಎಷ್ಟೋ ದಿನದಿಂದ ಅದೇ ಪ್ರಶ್ನೆ ಕೊರೆಯುತ್ತಿತ್ತು. ತಿಳಿದವನೊಬ್ಬ ಸಿಕ್ಕಿದನಲ್ಲ ಎಂದು ಸಂತೋಷದಿಂದ, “ಭಾಳ ಇಳಸೂದು ಬ್ಯಾಡ, ಕುತ್ತಿಗಿಗೆ ತ್ರಾಸ ಆಗ್ತೈತಿ” ಎಂದೆ. “ಹೌದ್ರಿ, ವಯಸ್ಸಿಗೆ ತಕ್ಕಂಗ ಇರ್ಬೇಕ್ರಿ” ಎಂದ. ಬಸ್‌ಸ್ಟ್ಯಾಂಡಿನ ತನಕ ನಡೆದು ಬಂದ ಮೇಲೆ ನನಗೆ ಹೊಳೆಯಿತು, ಅವನು ಕೇಳಿದ್ದು ಕುಪ್ಪಸದ ಕೊರಳಿನ ಮಾತು. ಹ್ಯಾಂಡಲ್ಲಿಗಿರಲಿ, ಕೊರಳಿಗೂ ನನ್ನ ವಯಸ್ಸು ಅಡ್ಡ ಬರಬೇಕೇ?

ಮೊದಲು ಆನ್‌ಲೈನಿನಲ್ಲಿ ಒಂದು ಹ್ಯಾಂಡಲ್ಲು ತರಿಸಿದೆ. ಬಂದದ್ದು ಕಣ್ಣು ಕುಕ್ಕುವ ಕರಿ ಬಣ್ಣದ್ದು. ಆದರೆ ಈಗಿನ ಹ್ಯಾಂಡಲ್ಲುಗಳ ನಡು ದಪ್ಪ. ನಮ್ಮ ಹಳೆಯ ಸೈಕಲ್ಲಿನಲ್ಲಿ ಹ್ಯಾಂಡಲ್ಲನ್ನು ಕಚ್ಚಿ ಹಿಡಿಯುವ ಕುತ್ತಿಗೆಯ ಬಾಯಿ ಸಣ್ಣದು. ಎಷ್ಟು ತಿಣುಕಿದರೂ ಹೋಗಲಿಲ್ಲ. ಹಿಂದಕ್ಕೆ ಕಳಿಸಿ, ನಿಪ್ಪಾಣಿಯ ಒಂದು ಹಳೆಯ ಸೈಕಲ್ ಅಂಗಡಿಗೆ ಹೋದೆ.

ಅಂಗಡಿಯವರು ಹಿರಿಯರು. ಮರಾಠಿ ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. “ಯಾ, ಬಸಾ, ಕುಂದರ್ರಿ” ಎಂದು ಸ್ಟೂಲು ಸರಿಸಿದರು. ರೇಸಿನ ಹ್ಯಾಂಡಲ್ಲು ಬೇಕೆಂದೆ.

“ನಾತಿ ಸಲುವಾಗೇನ್ರಿ?”

ನಾತಿ ಅಂದರೆ ಮೊಮ್ಮಗಳು. ನನಗೆ ಮೊಮ್ಮಗಳಿಲ್ಲ. “ನನಗ” ಎಂದೆ.

“ಅಹೋ ಬಾಯಿ!” ಎಂದವರೇ ಎದ್ದು ಒಳಗೆ ಹೋಗಿ, ಮುಂದೆ ಬುಟ್ಟಿ ಕಟ್ಟಿದ ಗುಲಾಬಿ ಬಣ್ಣದ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದು, ಗಂಟೆ ಬಾರಿಸಿ ತೋರಿಸಿದರು. ಗಂಟೆ ಚೆನ್ನಾಗಿತ್ತು. ನಾನು ಎದ್ದು ಹೊರಡುವವಳೇ ಇದ್ದೆ. ನನ್ನ ಮುಖ ನೋಡಿ ಏನನ್ನಿಸಿತೋ, ಅಟ್ಟದ ಮೇಲಿಂದ ಹಳೆಯ ಟಾಯರುಗಳನ್ನು ಸರಿಸಿ ಎರಡು ಹ್ಯಾಂಡಲ್ಲು ಇಳಿಸಿದರು. ಹಿಂದೆ ಯಾವನೋ ತಂಬಾಕು ವ್ಯಾಪಾರಿಯ ಮಗ ತರಿಸಿ ಒಯ್ಯದೇ ಬಿಟ್ಟವಂತೆ. ಎರಡೂ ಬೆಳ್ಳಿ ಬಣ್ಣದವು, ನಡು ಸಣ್ಣದು. ಒಂದರ ಇಳಿತ ಆಳವಾಗಿತ್ತು, ನೋಡಿದರೆ ನೋಡುತ್ತಲೇ ಇರಬೇಕು ಅನ್ನುವ ಹಾಗೆ. ಇನ್ನೊಂದು ಅಷ್ಟು ಇಳಿಯದೆ ಬೇಗ ಹೊರಳಿತ್ತು.

“ಹೆಣ್ಮಕ್ಕಳಿಗೆ ಈ ಸಣ್ಣದ ಸಾಕ್ರಿ” ಎಂದರು.

ಆ ಮಾತಿಗಾಗಿಯೇ ಆಳವಾದದ್ದನ್ನು ಎತ್ತಿಕೊಂಡೆ. ಹಿಡಿದು ಬಗ್ಗಿದೆ. ಬಗ್ಗಿದ್ದೇನೋ ಆಯಿತು, ಕತ್ತೆತ್ತಿ ಮುಂದೆ ನೋಡಲು ಆಗಲಿಲ್ಲ. ಅವರ ಅಂಗಡಿಯ ನೆಲದ ಪರಸಿ ಬಹಳ ಸ್ವಚ್ಛವಿತ್ತು, ಅದೊಂದೇ ಕಂಡದ್ದು. ಕೆಳಗಿಟ್ಟು ಸಣ್ಣದನ್ನು ಹಿಡಿದೆ. ಬೆರಳುಗಳು ಬಾಗಿನೊಳಗೆ ತಾವಾಗಿಯೇ ಹೋಗಿ ಕೂತವು, ಕಣ್ಣು ಸಲೀಸಾಗಿ ರಸ್ತೆಗೆ ಹೋಯಿತು. ಟೇಲರನ ಅಳತೆಗೂ ಸರಿಯಾಗಿತ್ತು. ಇದನ್ನೇ ಒಯ್ಯುತ್ತೇನೆ ಎಂದೆ. ಅವರು ಗೆದ್ದವರ ನಗೆ ನಕ್ಕರು. ನನಗೆ ತಡೆಯಲಾಗಲಿಲ್ಲ.

“ಹೆಣ್ಮಗಳಂತ ತಗೊಳ್ಳಾಕತ್ತಿಲ್ಲ ನಾ. ನನ್ನ ಕುತ್ತಿಗಿಗೆ ಇದು ಸರಿ ಆಗೈತಿ ಅಂತ ತಗೊಳ್ಳಾಕತ್ತೇನಿ.”

“ಎರಡೂ ಒಂದಾತಲ್ರಿ” ಎಂದರು ಅವರು, ಕಾಗದ ಸುತ್ತುತ್ತ.

ಒಂದಲ್ಲ! ಬಸ್ಸಿನಲ್ಲಿ ಚಿಕ್ಕೋಡಿಗೆ ಬರುವವರೆಗೂ ಕಿಟಕಿಗೆ ಅದನ್ನೇ ಹೇಳಿಕೊಂಡು ಬಂದೆ.

ಹ್ಯಾಂಡಲ್ಲು ಕೂತಿತು, ಬ್ರೇಕು ಕೂತವು, ಬಟ್ಟೆಯ ಪಟ್ಟಿ ಸುತ್ತಿದ್ದಾಯಿತು. ಆ ಹೊತ್ತಿಗೆ ಅಣ್ಣ ಬಂದ. ಕುರ್ಚಿ ಎಳೆದುಕೊಂಡು ತನ್ನ ಹಳೆಯ ಸೈಕಲ್ಲನ್ನು ಬಹಳ ಹೊತ್ತು ನೋಡಿ, “ಛಲೋ ಮಾಡಿ ತಂಗಿ. ಖರೆ, ಸೀದಾ ಹ್ಯಾಂಡಲ್ ಹಾಕಿಸಿದ್ರ ನಿನಗ ಆರಾಮ ಇರ್ತಿತ್ತು” ಎಂದ.

ನಾನು ಕೈಯಲ್ಲಿದ್ದ ಅವಲಕ್ಕಿಯ ತಾಟನ್ನು ಅವನಿಗೆ ಕೊಡಲಿಲ್ಲ. “ಅಥಣಿ ಶರ್ಯತ್ತಿನ ದಿನ ಹಿಂಗ ಅಂದಿದ್ದಿ ನೀ” ಎಂದೆ.

“ಯಾವ ಶರ್ಯತ್ತು?”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವನು ನಾಟಕ ಮಾಡುತ್ತಿರಲಿಲ್ಲ. ಪಾನಾ, ಕಟ್ಟೆ, ಮೇವಿನ ಸೈಕಲ್ಲಿನ ಹ್ಯಾಂಡಲ್ಲು, ಎಲ್ಲವನ್ನೂ ಹೇಳಿದೆ. ತಲೆ ಅಲ್ಲಾಡಿಸಿದ. “ನೆನಪಿಲ್ಲ ನೋಡು. ನೀ ಶರ್ಯತ್ತಿಗೆ ಹೋಗಿದ್ದೇನ? ಹೋಗಿರ್ಲಿಕ್ಕಿಲ್ಲ ಬಿಡು. ಕನಸ ಬಿದ್ದಿರಬೇಕು.” ನಾನು ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟಿನ ಯಜಮಾನನಿಗೆ ಅದರ ಪರಿಚಯವೇ ಇಲ್ಲ! ಸತ್ತಿಯ ಪದ್ಮಾವತಿಯ ಹೆಸರು ಹೇಳಿದೆ. “ಆಕಿ ಹಾರೂಗೇರಿಗೆ ಬಂದಾಳ. ಗಂಡ ಹೆಂಡತಿ ಭಾಂಡೆ ಅಂಗಡಿ ಇಟ್ಟಾರ. ಬೇಕಾದ್ರ ಕೇಳಿ ಬಾ” ಎಂದ ಅಣ್ಣ, ತಾನೇ ಎದ್ದು ಅವಲಕ್ಕಿ ತೆಗೆದುಕೊಳ್ಳುತ್ತ.

ಕೇಳಿ ಬರಲು ಹೊರಟೇಬಿಟ್ಟೆ. ಮುಂದಿನ ರವಿವಾರ ನಸುಕಿನಲ್ಲೇ ಸೈಕಲ್ಲು ಹತ್ತಿ ರಾಯಬಾಗದ ದಾರಿ ಹಿಡಿದೆ. ಗಾಳಿ ಬೆನ್ನಿಗಿತ್ತು. ರಾಯಬಾಗದಲ್ಲಿ ಚಹಾ ಕುಡಿದೆ. ಅಲ್ಲಿ ಇಬ್ಬರು ನನ್ನ ಹ್ಯಾಂಡಲ್ಲಿನ ಬಗ್ಗೆ ಅಭಿಪ್ರಾಯ ಹೇಳಿದರು, ಅದನ್ನು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಹಾರೂಗೇರಿ ಮುಟ್ಟಿದಾಗ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು.

ಭಾಂಡೆ ಅಂಗಡಿಯ, ಅಂದರೆ ಪಾತ್ರೆ ಅಂಗಡಿಯ, ಮುಂದೆ ಚೂಡಿದಾರ ಹಾಕಿದ ಒಬ್ಬ ಹೆಂಗಸು ಕೊಡಗಳನ್ನು ಹೊರಗಿಟ್ಟು ಸಾಲಾಗಿ ಜೋಡಿಸುತ್ತಿದ್ದಳು. ಜಡೆಯ ಜಾಗದಲ್ಲಿ ಬಿಳಿಕೂದಲಿನ ಸಣ್ಣ ತುರುಬು. ಅವಳು ನನ್ನ ಮುಖ ನೋಡಲಿಲ್ಲ, ಹ್ಯಾಂಡಲ್ಲು ನೋಡಿದಳು.

“ಪದ್ಮಾವತಿ ಅಲ್ಲೇನ್ರಿ? ನಾ ಶಿರಗುಪ್ಪಿ ಶಕುಂತಲಾ. ಅಥಣ್ಯಾಗ ಸೈಕಲ್ ಶರ್ಯತ್ತು...”

“ಸೀದಾ ಹ್ಯಾಂಡಲ್‌ನಾಕಿ!” ಎಂದಳು ಅವಳು, ಕೈಯಲ್ಲಿದ್ದ ಕೊಡ ಕೆಳಗಿಟ್ಟು. “ಏ, ಆ ಗಾಳ್ಯಾಗ ನೀ ಕಡೀತನಕ ಮುಂದ ಇದ್ದಿ ಅಲ್ಲಬೇ! ನಾ ಎಷ್ಟ್ ಸಲ ಅಂದೇನಿ, ಆಕೀಗೆ ನನ್ನ ಹ್ಯಾಂಡಲ್ ಇದ್ದಿದ್ರ ನಾ ಗೆಲ್ಲತಿದ್ದಿಲ್ಲ ಅಂತ.”

ಸಾಕ್ಷಿ ಕೇಳಲು ಹೋದವಳಿಗೆ ತೀರ್ಪೇ ಸಿಕ್ಕಿತ್ತು. ಆವತ್ತು ಬೆಳಿಗ್ಗೆ ಅಣ್ಣ ಹ್ಯಾಂಡಲ್ಲು ಬದಲಿಸಿದ್ದನ್ನು ಅವಳಿಗೆ ಹೇಳಿ, ಕೂಡಲೇ ಅವನಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. “ಶರ್ಯತ್ತು ಆಗಿತ್ರಿ ಅಪ್ಪಾಸಾಹೇಬಣ್ಣಾರ. ನೀವು ಹ್ಯಾಂಡಲ್ ಬದಲ ಮಾಡಿದ್ದಕ್ಕ ನಾ ಗೆದ್ದೇನ್ರಿ” ಎಂದಳು. ಆ ಕಡೆಯಿಂದ ಅಣ್ಣನ ದನಿ ನನಗೂ ಕೇಳಿಸಿತು: “ಹಂಗಾದ್ರ ಆಗಿರಬೇಕ್ ಬಿಡ್ರಿ.” ಆಗಿರಬೇಕಂತೆ!

ನಾನು ಕುದಿಯುತ್ತಿರುವುದನ್ನು ಕಂಡು ಪದ್ಮಾ ಸ್ಟೂಲು ಕೊಟ್ಟಳು. “ನಿನ್ನ ನಸೀಬ ಛಲೋ ಇತ್ತು” ಎಂದೆ, ಸ್ವಲ್ಪ ಕಹಿಯಾಗಿಯೇ. “ನಿಮ್ಮ ಮನ್ಯಾಗ ಯಾರೂ ಹ್ಯಾಂಡಲ್ ಬಿಚ್ಚಲಿಲ್ಲ.”

ಅವಳು ಪಕ್ಕದ ಕೊಡದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. “ಹ್ಯಾಂಡಲ್ ಬಿಚ್ಚಲಿಲ್ಲ. ನಾ ಗೆದ್ದು ಮನಿಗೆ ಬರೂದ್ರಾಗ ಯಾರೋ ಮುತ್ಯಾನ ಮುಂದ ಹೇಳಿದ್ರು, ನಿಮ್ಮ ಹುಡುಗಿ ರಸ್ತೇದಾಗ ಬಗ್ಗಿ ಹೊಂಟಿದ್ಲು ಅಂತ. ಮರುದಿನ ಕಾಕಾ ಆ ಸೈಕಲ್ ಮಾರಿಬಂದ. ನಾ ಸತ್ತಿಯಿಂದ ಸಾಲಿಗೆ ನಡಕೋತ ಹೋದೆ. ಹತ್ತನೇ ಇಯತ್ತೆ ಮುಗೀತು, ಲಗ್ನ ಆತು. ಆಮ್ಯಾಲೆ ಸೈಕಲ್ ಮುಟ್ಟಿಲ್ಲ. ನೀನು?”

ನಾನು ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗಿದ್ದೆ. ಶಾಲೆಯ ಕೆಲಸಕ್ಕೂ ಸೈಕಲ್ಲಿನಲ್ಲೇ ಹೋದೆ. ಸೀದಾ ಹ್ಯಾಂಡಲ್ಲಿನದು, ನೆಟ್ಟಗೆ ಕೂತು. ಯಾರಿಗೂ ಅದು ಕಣ್ಣಿಗೆ ಚುಚ್ಚಲಿಲ್ಲ. ಅದನ್ನೇ ತಗ್ಗಿದ ದನಿಯಲ್ಲಿ ಅವಳಿಗೆ ಹೇಳಿದೆ. “ನೋಡು ಮತ್ತ” ಎಂದಳು, “ಸೋತಾಕಿಗೆ ಸೈಕಲ್ ಉಳೀತು.” ಅಷ್ಟು ವರ್ಷ ನಾನು ಈ ಎರಡು ಜಡೆಯ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಈಗ ಅವಳ ಪಾಲಿನ ಸಿಟ್ಟೂ ನನ್ನ ಮೈಮೇಲೇ ಬಂತು. ಮುತ್ಯಾ ಎನ್ನುವ ಆ ಅಜ್ಜನ ಮೇಲೆ, ಕಾಕಾನ ಮೇಲೆ, ಆ ಸುದ್ದಿ ಮುಟ್ಟಿಸಿದ ಪುಣ್ಯಾತ್ಮನ ಮೇಲೆ.

ಸೈಕಲ್ಲಿನ ಹ್ಯಾಂಡಲ್ಲನ್ನು ಅವಳ ಕಡೆ ತಿರುಗಿಸಿ, “ಹತ್ತತೀಯೇನ?” ಎಂದೆ.

ಅವಳು ಎರಡನೇ ಸಲ ಕೇಳಿಸಿಕೊಳ್ಳಲಿಲ್ಲ. ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿ ಸೈಕಲ್ಲು ರಸ್ತೆಗೆ ಇಳಿಸಿದಳು. ಒಳಗಿನಿಂದ ಅವಳ ಗಂಡ, “ಏ, ಬಿದ್ದಗಿದ್ದಿ!” ಎನ್ನುತ್ತ ಬರುವುದರೊಳಗೆ ಹೋಗಿಯಾಗಿತ್ತು. ಮೊದಲು ಸ್ವಲ್ಪ ವಾಲಾಡಿದಳು, ಒಬ್ಬ ತರಕಾರಿಯವನು ಗಾಡಿ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಕೈ ಕೆಳಗಿನ ಬಾಗಿಗೆ ಇಳಿಯಿತು, ಬೆನ್ನು ತಾನಾಗಿಯೇ ತಗ್ಗಿತು. ತಿರುವಿನಲ್ಲಿ ಮರೆಯಾದಳು. ತಿರುಗಿ ಬಂದಾಗ ಮುಖ ಕೆಂಪಾಗಿತ್ತು, ತುರುಬು ಬಿಚ್ಚಿ ಹೋಗಿತ್ತು.

“ಹೆಂಗೈತಿ?” ಎಂದು ಓಡಿಹೋಗಿ ಕೇಳಿದೆ.

“ತಡಿ, ಇನ್ನೊಂದ ಸಲ ನೋಡಿ ಹೇಳ್ತೇನಿ” ಎಂದವಳು ನಿಲ್ಲದೆ ಮತ್ತೆ ಹೊರಟಳು. ಎಷ್ಟು ಹೊತ್ತಾದರೂ ಬರಲಿಲ್ಲ. ಸೈಕಲ್ಲು ನನ್ನದು, ಹ್ಯಾಂಡಲ್ಲು ಹುಡುಕಿದ್ದು ನಾನು, ಊರವರ ಸಲಹೆ ಕೇಳಿಸಿಕೊಂಡದ್ದು ನಾನು. ನಾನು ಭಾಂಡೆ ಅಂಗಡಿಯ ಮುಂದೆ ಗಿರಾಕಿಗಳಿಗೆ ಕೊಡ ತೋರಿಸುತ್ತ ಕೂತಿದ್ದೆ.

ಮರಳುವಾಗ ಗಾಳಿ ಎದುರಾಯಿತು. ಆಷಾಢದ ಗಾಳಿ, ಕಬ್ಬನ್ನೆಲ್ಲ ಮಲಗಿಸಿಬಿಡುವಂಥದು. ನಾನು ಕೈ ಕೆಳಗಿಳಿಸಿ ಮೈ ತಗ್ಗಿಸಿದೆ. ಅದು ನನ್ನ ಬೆನ್ನ ಮೇಲಿಂದ ಹಾಯ್ದು ಹೋಯಿತು. ಇಷ್ಟು ಸಲೀಸೇ? ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಹಿಂದೆಯೇ ಕಣ್ಣು ಉರಿಯುವಷ್ಟು ಸಿಟ್ಟೂ ಬಂತು. ಇಷ್ಟು ಸುಲಭವಾದದ್ದನ್ನು ಒಂದು ಪಾನಾ ಹಿಡಿದು ಕಿತ್ತುಕೊಂಡರಲ್ಲ, ಕಿತ್ತುಕೊಂಡು ಮರೆತೂಬಿಟ್ಟರಲ್ಲ ಎಂದು. ರಾಯಬಾಗದವರೆಗೂ ಆ ಸಿಟ್ಟೇ ಪೆಡಲು ತುಳಿಯಿತು. ನನ್ನ ಕಾಲಿಗೆ ಹೆಚ್ಚು ಕೆಲಸ ಬೀಳಲಿಲ್ಲ.

ಈಗ ಪದ್ಮಾ ತನಗೂ ಒಂದು ಸೈಕಲ್ಲು ಕಟ್ಟಿಸುತ್ತಿದ್ದಾಳೆ. ನಿಪ್ಪಾಣಿಯ ಅಟ್ಟದಲ್ಲಿ ಉಳಿದಿದ್ದ ಆ ಆಳದ ಹ್ಯಾಂಡಲ್ಲು ಅವಳ ಪಾಲಾಗಿದೆ. ಅವಳಿಗೆ ಕತ್ತು ಎತ್ತಲು ಬರುತ್ತದೆ, ಆ ಹೊಟ್ಟೆಕಿಚ್ಚು ಬೇರೆ ನನಗೆ. ಮೊನ್ನೆ ನಾನು ಹಿಟ್ಟು ನಾದುತ್ತಿರುವಾಗ ಅವಳ ಫೋನು ಬಂತು. ಹಲೋ ಅನ್ನುವ ಮೊದಲೇ ಶುರುವಾಯಿತು.

“ಶಕ್ಕು, ಇವರು ಏನ್ ಅನ್ನಾಕತ್ತಾರ ಗೊತ್ತೇನ? ಈ ವಯಸ್ಸಿನ್ಯಾಗ ಸೀದಾ ಹ್ಯಾಂಡಲ್ ಹಾಕ್ಸು, ಆರಾಮ ಇರ್ತೈತಿ ಅಂತ! ನನಗ ಅಂತಾರ! ನಾ ಆರಾಮ ಕೇಳೇನೇನ ಇವರ್ನ? ಇಷ್ಟ್ ವರ್ಷ ಕೊಡಾ ಎತ್ತಿ ಎತ್ತಿ ಇಟ್ಟೇನಲ್ಲ, ಅವಾಗ ಎಲ್ಲಿ ಹೋಗಿತ್ತು ಆರಾಮ? ನನ್ನ ಬೆನ್ನ, ನಾ ಬಗ್ಗಿಸ್ತೇನಿ! ಇವರದೇನ ಹೋಗ್ತೈತಿ?”

ನಾನು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ. ನನ್ನ ಮಾತನ್ನೆಲ್ಲ ಇನ್ನೊಬ್ಬರು ಆಡುತ್ತಿರುವಾಗ ನನಗೆ ಬೈಯುವ ಕೆಲಸವೇ ಇರಲಿಲ್ಲ. ಬಹಳ ದಿನಗಳ ಮೇಲೆ ಮೈಯೆಲ್ಲ ಹಗುರವಾಗಿತ್ತು. ಅವಳು ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತಳು.

“ಅವರು ಅಲ್ಲೇ ಅದಾರೇನ?” ಎಂದೆ.

“ಒಳಗ ಅದಾರ. ಯಾಕ?”

“ಹಂಗಾದ್ರ ಜರಾ ಜೋರಾಗಿ ಹೇಳು, ಅವರಿಗೂ ಕೇಳಲಿ.”